ಮೂರು ಹೆಜ್ಜೆ ಹಿಂದಕ್ಕೆ

ಸೆಪ್ಟೆಂಬರ್ 4, 2005, ಭಾನುವಾರ

ನಮ್ಮ ಗೇಮ್ ಅಂಗಡಿಯಲ್ಲಿ ಆಡುವ ಹುಡುಗಿ ಯೇರಾನ್ ಹೇಳಿದ ಸುದ್ದಿ ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ಹಳೆಯ ಎದುರಾಳಿ ಸೋಕ್ ಈಗ ರೈಲು ನಿಲ್ದಾಣದ ಎದುರಿನ ಗೇಮ್ ಅಂಗಡಿಗೆ ಹೋಗುತ್ತಿದ್ದಾನಂತೆ. ಹೋಗಲಿ, ನನಗೇನು. ಆದರೆ ಅಲ್ಲಿ ಅವನು ಬಲಬದಿಯ ಮಷೀನಿನಲ್ಲಿ ಕೂತು ಆಡುತ್ತಾನಂತೆ!

"ಬಲಬದೀನಾ? ಸರಿಯಾಗಿ ನೋಡಿದ್ಯಾ?" ಎಂದು ಮೂರು ಸಲ ಕೇಳಿದೆ.

"ಅಣ್ಣಾ, ನಾನು ಹಲ್ಲಿನ ಡಾಕ್ಟರಿಕೆ ಓದ್ತಿರೋಳು. ಎಡದ ದವಡೆ ಬದಲು ಬಲದ್ದು ಕಿತ್ರೆ ನನ್ನ ಸುಮ್ನೆ ಬಿಡ್ತಾರಾ? ಬಲಬದೀನೇ" ಎಂದಳು.

ಎಂಟು ವರ್ಷ ಬಲಬದಿ ನನ್ನದು, ಎಡಬದಿ ಅವನದು. ನಾವೆಲ್ಲ ಚಿಕ್ಕಮ್ಮ ಎಂದು ಕರೆಯುವ ಒಡತಿಯ ನೆಲಮಾಳಿಗೆಯ ಅಂಗಡಿಯಲ್ಲಿ ಒಂದೇ ಹೊಡೆದಾಟದ ಆಟಕ್ಕೆ ಜೋಡಿಸಿದ ಎರಡು ಮಷೀನುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಗೋಡೆಯ ಕಡೆ ಕೂತವನ ಆಳು ಪರದೆಯ ಬಲಕ್ಕೆ, ಮೆಟ್ಟಿಲ ಕಡೆ ಕೂತವನದು ಎಡಕ್ಕೆ. ಆಡುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎಂಟು ವರ್ಷ ನಾನು ಸೋಕನ ಮುಖಕ್ಕಿಂತ ಅವನ ಕೆಮ್ಮನ್ನೇ ಹೆಚ್ಚು ಬಲ್ಲೆ.

ಹಿಂಜಾರಿನಲ್ಲಿ ಇಡೀ ದೇಗು ಊರಿಗೆ ನಾನೇ ಮೊದಲಿಗ ಎಂದು ಜನರೇ ಹೇಳುತ್ತಾರೆ. ಸ್ಟಿಕ್ಕನ್ನು ಎರಡು ಸಲ ಹಿಂದಕ್ಕೆಳೆದರೆ ಪರದೆಯ ಆಳು ಹಿಂದಕ್ಕೆ ಜಿಗಿಯುತ್ತಾನೆ. ಜಿಗಿತ ಮುಗಿಯುವ ತನಕ ಅವನು ಯಾವ ಹೊಡೆತವನ್ನೂ ತಡೆಯಲಾರ. ಅದಕ್ಕೇ ಜಿಗಿತದ ನಡುವೆಯೇ ಸ್ಟಿಕ್ಕನ್ನು ಕೆಳಮೂಲೆಗೆ ಒತ್ತಿ ಅದನ್ನು ಕತ್ತರಿಸಬೇಕು, ತಕ್ಷಣ ಮತ್ತೆ ಎಳೆಯಬೇಕು, ಮತ್ತೆ ಕತ್ತರಿಸಬೇಕು. ಸರಿಯಾಗಿ ಮಾಡಿದರೆ ನನ್ನ ಆಳು, ಬೋಳು ಸನ್ಯಾಸಿ, ಎಣ್ಣೆ ಚೆಲ್ಲಿದ ನೆಲದ ಮೇಲೆ ನಿಂತ ಹಾಗೆ ಸರಸರ ಹಿಂದೆ ಸರಿಯುತ್ತಾನೆ, ಹೊಡೆಯಲು ಬಂದವನ ಕೈ ಗಾಳಿಗೆ ಬೀಳುತ್ತದೆ. ಆಗ ನಾನು ಹೊಡೆಯುತ್ತೇನೆ.

ಇದೆಲ್ಲ ಬಲಬದಿಯಲ್ಲಿ ಮಾತ್ರ. ಎಡಬದಿಯಲ್ಲಿ ಕೈ ತಿರುಗಾಮುರುಗಾ ಓಡಬೇಕು. ಅದು ನನಗೆ ಬರುವುದಿಲ್ಲ. ಆಟದ ನಡುವೆ ಆಳುಗಳು ಅದಲುಬದಲಾದರೂ ನಾನು ಹೇಗೋ ಹಾರಿ ನನ್ನ ಬದಿಗೇ ಬಂದುಬಿಡುತ್ತಿದ್ದೆ.

ಅಕ್ಟೋಬರ್ 23ಕ್ಕೆ ಅರ್ಹತಾ ಪಂದ್ಯ. ಬದಿ ಆರಿಸಲು ಕಲ್ಲು-ಕತ್ತರಿ-ಕಾಗದ ಆಡಿಸುತ್ತಾರೆ, ಗೆದ್ದವನಿಗೆ ಬೇಕಾದ ಬದಿ. ಸೋಕ್ ನನ್ನ ಬದಿ ಕಸಿಯಲೆಂದೇ ತಯಾರಾಗುತ್ತಿದ್ದಾನೆ. ಹಾಗಾಗಿ ನಾನು ಏಳು ವಾರದಲ್ಲಿ ಎಡಬದಿ ಕಲಿಯಲೇಬೇಕು. ಕಲಿತು, ಕೈಮೇಲೆ ಟವೆಲ್ ಹೊದಿಸಿಕೊಂಡು ಆಡಿ, ಅವನನ್ನು ಎಲ್ಲರೆದುರು ಮಣ್ಣುಮುಕ್ಕಿಸಬೇಕು.

ಟವೆಲ್ ಯಾಕೆಂದರೆ ಮಾರ್ಚಿನ ಕಥೆ. ಆ ಪಂದ್ಯದಲ್ಲಿ ಮಷೀನುಗಳು ಅಕ್ಕಪಕ್ಕ ಇದ್ದವು. ಸೆಮಿಫೈನಲ್‌ನಲ್ಲಿ ಸೋಕ್ ನನ್ನನ್ನು ಮೂರಕ್ಕೆ ಸೊನ್ನೆ ಸೋಲಿಸಿದ. ನಾನು ಯಾವಾಗ ಹಿಂದೆ ಸರಿಯುತ್ತೇನೆ, ಯಾವಾಗ ನಿಲ್ಲುತ್ತೇನೆ, ಎಲ್ಲ ಅವನಿಗೆ ಮೊದಲೇ ಗೊತ್ತಿತ್ತು. ನಾನು ಎದ್ದು ನಿಂತು ಅರವತ್ತು ಜನರ ಮುಂದೆ ಹೇಳಿದೆ: "ಇವನು ಪರದೆ ನೋಡಿ ಆಡ್ಲಿಲ್ಲ. ನನ್ನ ಕೈ ಕದ್ದು ನೋಡ್ಕೊಂಡು ಆಡಿದ." ನಮ್ಮಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಸೋಕ್ ಕೋಟು ತೆಗೆದುಕೊಂಡು, ಫೈನಲ್ ಆಡದೆ ಹೊರಟುಹೋದ. ಅಂದಿನಿಂದ ಚಿಕ್ಕಮ್ಮನ ಅಂಗಡಿಯ ಮೆಟ್ಟಿಲು ಇಳಿದಿಲ್ಲ.

ತಪ್ಪು ಮಾಡದವನು ಯಾಕೆ ಓಡಿಹೋಗುತ್ತಾನೆ? ಅದಕ್ಕೆ ಯಾರೂ ಉತ್ತರ ಹೇಳುವುದಿಲ್ಲ.

ಸೆಪ್ಟೆಂಬರ್ 7, ಬುಧವಾರ

ಮೊದಲ ಸಲ ಸೋಕನ ಸೀಟಿನಲ್ಲಿ ಕೂತೆ. ಸ್ಟೂಲಿನ ಒಂದು ಕಾಲು ಗಿಡ್ಡ. ಇದರ ಮೇಲೆ ಎಂಟು ವರ್ಷ ಕೂತನೇ? ಬಲಗಡೆ ಕಂಬ, ಕಂಬದ ಮೇಲೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಕೋಳಿ ಅಂಗಡಿಯದೊಂದು ಜಾಹೀರಾತಿನ ಚೀಟಿ. ಕರಿದ ಕೋಳಿ ನನ್ನನ್ನೇ ನೋಡಿ ನಗುತ್ತಿರುವ ಹಾಗಿದೆ.

ಯೇರಾನ್ ನನ್ನ ಸೀಟಿನಲ್ಲಿ ಕೂತಳು. ಸನ್ಯಾಸಿ ಹಿಂದೆ ಜಾರುವ ಬದಲು ಕುಕ್ಕರುಗಾಲಲ್ಲಿ ಕೂತು ಕೂತು ಏಳುತ್ತಿದ್ದ. ಆರು ಆಟ, ಆರೂ ಸೋತೆ. ಈ ಮಷೀನಿನ ಸ್ಟಿಕ್ ಸಡಿಲ ಎಂದೆ. ಚಿಲ್ಲರೆ ಕೊಡುವ ಗೂಡಿನಿಂದ ಚಿಕ್ಕಮ್ಮ ತಲೆ ಎತ್ತದೆ ಹೇಳಿದಳು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಕಾರ್ಖಾನೆಯ ಕೆಲಸದಲ್ಲೂ ಅದೇ ಧ್ಯಾನ. ಕನ್ನಡಕದ ಚೌಕಟ್ಟಿಗೆ ಹೊಳಪು ಕೊಡುವಾಗ ಎಡಗೈ ತಾನಾಗಿ ಎಳೆ, ಕತ್ತರಿಸು, ಎಳೆ, ಕತ್ತರಿಸು ಎಂದು ಆಡುತ್ತಿರುತ್ತದೆ. ಇವತ್ತು ಎರಡು ಚೌಕಟ್ಟಿಗೆ ಗೀರು ಬಿತ್ತು. "ಏನಯ್ಯಾ ತಾಕ್, ಕೈಗೆ ದೆವ್ವ ಹಿಡಿದಿದ್ಯಾ?" ಎಂದು ಮೇಸ್ತ್ರಿ ಕೇಳಿದ.

ಸೆಪ್ಟೆಂಬರ್ 18, ಚುಸೋಕ್ ಸುಗ್ಗಿಹಬ್ಬ

ಅಂಗಡಿ ಮುಚ್ಚಿದೆ. ಬೆಳಗಿನಿಂದ ಮನೆಯೊಳಗೆ ಶತಪಥ.

ಅಮ್ಮ ಪೂಜೆಯ ಮೇಜಿನಿಂದ ತೆಗೆದ ಮೇಲೆ ಸೋಂಗ್‌ಪ್ಯೊನ್ ಕಡುಬುಗಳನ್ನು ಎರಡು ಡಬ್ಬಿಗೆ ತುಂಬಿದಳು. ಎರಡನೆಯದು ಯಾರಿಗೆ ಎಂದೆ.

"ಇನ್ಯಾರಿಗೆ, ಸೋಕ್‌ಗೆ. ಎಳ್ಳಿನದು ಅಂದ್ರೆ ಪ್ರಾಣ ಬಿಡ್ತಾನೆ. ಯಾಕೆ ಈ ಸಲ ಇನ್ನೂ ಬಂದಿಲ್ಲ?"

"ಬರಲ್ಲ ಅಮ್ಮ."

"ಜಗಳ ಆಡಿದ್ರಾ? ನೀನೇ ಏನೋ ಅಂದಿರ್ತೀಯ. ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ನನ್ನ ಹೆತ್ತವಳೇ ಅವನ ಪಕ್ಷ! ಸಿಟ್ಟಿಗೆ ಆ ಡಬ್ಬಿಯ ಕಡುಬನ್ನೆಲ್ಲ ನಾನೇ ತಿಂದೆ. ಈಗ ಹೊಟ್ಟೆ ಕಲ್ಲಾಗಿದೆ.

ಸೆಪ್ಟೆಂಬರ್ 27

ಒಂದು ಹಿಂಜಾರು ಬಂತು. ಒಂದೇ ಒಂದು. ಎರಡನೆಯದಕ್ಕೆ ಕೈ ಮರೆತುಹೋಯಿತು. ಮಣಿಕಟ್ಟು ನೋವು.

ಅಕ್ಟೋಬರ್ 5, ಬುಧವಾರ

ಸಿಕ್ಕಿಬಿದ್ದ! ಕಳ್ಳ ಸಿಕ್ಕಿಬಿದ್ದ!

ಸಂಜೆ ಒಂದರ ಹಿಂದೊಂದು ಒಂಬತ್ತು ಆಟ ಸೋತೆ. ಪ್ರತಿ ಸಲವೂ ಆ ಹಾಳು ಕೋಳಿ ಪಕ್ಕದಲ್ಲೇ ನಗುತ್ತಿದೆ. ಒಂಬತ್ತನೆಯದಕ್ಕೆ ತಾಳ್ಮೆ ಕೆಟ್ಟು, ಕೈ ಚಾಚಿ ಚೀಟಿಯನ್ನು ಕಿತ್ತೆಸೆದೆ. ಚೀಟಿಯ ಹಿಂದೆ ಕನ್ನಡಿ. ಕಂಬದಲ್ಲಿ ಚೀಟಿಯಷ್ಟೇ ಅಗಲದ ಕನ್ನಡಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ, ನನ್ನ ಸೀಟಿಗೆ ತಂಪುಪಾನೀಯದ ಪೆಟ್ಟಿಗೆ ಅಡ್ಡ. ಕನ್ನಡಿಯಲ್ಲಿ ಏನು ಕಂಡಿತು? ಯೇರಾನಳ ಎಡಗೈ. ಸ್ಟಿಕ್ ಹಿಡಿದ ಕೈ, ಬೆರಳಿನ ಬೆಳ್ಳಿ ಉಂಗುರದ ಸಮೇತ, ಗಾಜಿನ ಡಬ್ಬಿಯಲ್ಲಿಟ್ಟ ಮಿಠಾಯಿಯಷ್ಟು ಸ್ಪಷ್ಟ.

ಎಂಟು ವರ್ಷ ಅವನು ಈ ಸೀಟು ಬಿಟ್ಟು ಯಾಕೆ ಕದಲಲಿಲ್ಲ ಎಂದು ಈಗ ತಿಳಿಯಿತು. ನನ್ನ ಕೈ ನೋಡಿಕೊಂಡೇ ಆಡಿದ್ದಾನೆ. ಈ ಚೀಟಿಯನ್ನು ಅವನು ಹೋದ ಮೇಲೆ ಯಾರೋ ಅಂಟಿಸಿರಬೇಕು. ನಾನು ಮಾರ್ಚಿನಲ್ಲಿ ಹೇಳಿದ್ದು ಅಕ್ಷರಕ್ಷರ ನಿಜ! ಈಗಲೇ ಹೋಗಿ ಚಿಕ್ಕಮ್ಮನಿಗೆ ತೋರಿಸುತ್ತೇನೆ. ಇದನ್ನು ಅಂಗಡಿಯ ಮೂಲೆಯಲ್ಲಿ ಕೂತೇ ಬರೆಯುತ್ತಿದ್ದೇನೆ.

ಅದೇ ದಿನ, ಒಂದು ಗಂಟೆ ಬಿಟ್ಟು

ಚೀಟಿ ಹಿಡಿದುಕೊಂಡು ಹೋದೆ. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ, ಇದನ್ಯಾಕೋ ಕಿತ್ತೆ? ಸೋಕ್ ಅಂಟಿಸಿದ್ದು ಇದು."

"ಯಾವಾಗ?"

"ಅಂಗಡಿ ತೆರೆದ ವರ್ಷಾನೇ. ಬಿಸಿಲು ಕಣ್ಣಿಗೆ ಹೊಡೆಯತ್ತೆ ಚಿಕ್ಕಮ್ಮ, ಒಂದು ಕಾಗದ ಅಂಟಿಸ್ಲಾ ಅಂದ. ನಾನು ಆಯ್ತಪ್ಪ ಅಂದೆ. ಆಮೇಲೆ ನಗು ಬಂತು. ನೆಲಮಾಳಿಗೆಗೆ ಎಲ್ಲಿಂದ ಬರ್ಬೇಕು ಬಿಸಿಲು! ಹಳೇದು ಹರಿದ್ರೆ ಅದರ ಮೇಲೆ ಇನ್ನೊಂದು ಅಂಟಿಸ್ತಿದ್ದ."

ಚೀಟಿ ದಪ್ಪಗಿತ್ತು. ಉಗುರಿನಿಂದ ಬಿಡಿಸಿದೆ. ಕೋಳಿಯ ಕೆಳಗೆ ನೂಡಲ್ ಅಂಗಡಿ. ಅದರ ಕೆಳಗೆ ಕರೋಕೆ ಹಾಡುಮನೆಯೊಂದರದು, ಹಳದಿಯಾಗಿ ಹಪ್ಪಳದ ಹಾಗಾಗಿದೆ. ಅದರ ಮೇಲೆ 1997ರ ವರ್ಷಾಂತ್ಯದ ರಿಯಾಯಿತಿ ಎಂದಿದೆ.

ಇಷ್ಟೇ ಬರೆಯುತ್ತೇನೆ.

ಅಕ್ಟೋಬರ್ 8, ಶನಿವಾರ

ಇರಬಹುದು. ಇಲ್ಲಿ ನೋಡದವನು ಅಲ್ಲಿ, ಮಾರ್ಚಿನಲ್ಲಿ, ನೋಡಿರಬಾರದೆಂದು ಏನಿದೆ? ಹಾಗೆಂದುಕೊಂಡೇ ಇವತ್ತು ಅಂಗಡಿಗೆ ಹೋದೆ.

ಐದು ಆಟ ಗೆದ್ದೆ. ಎಡಬದಿಯಿಂದ, ಸಾಲಾಗಿ ಐದು. ಆ ಕಡೆಯಿಂದ ಯೇರಾನ್ ಕೂಗಿದಳು: "ಅಣ್ಣಾ, ಇವತ್ತು ಏನ್ ತಿಂದ್ಕೊಂಡು ಬಂದ್ರಿ? ನನಗೂ ಒಂದು ತುತ್ತು ಕೊಡಿ!"

ನಾನು ಉಬ್ಬಿದೆ. ಆರನೆಯ ಆಟದ ನಡುವೆ, ಅವಳ ಆಳು ಒದೆಯುವ ಮೊದಲೇ ನಾನು ತಡೆದಿದ್ದೆ. ಅವಳ ಕೈ ಕೆಳಗೆ ಹೋದದ್ದನ್ನು ನೋಡಿದ್ದೆ. ನೋಡಬೇಕೆಂದು ನೋಡಿದ್ದಲ್ಲ, ದೇವರಾಣೆ. ಕನ್ನಡಿ ಅಲ್ಲಿದೆ, ಕಣ್ಣು ಹೋಗುತ್ತದೆ. ಸ್ಟಿಕ್ ಬಿಟ್ಟುಬಿಟ್ಟೆ. ಅವಳು ನನ್ನ ಸನ್ಯಾಸಿಯನ್ನು ಹೊಡೆದು ಕೆಡವಿ, "ಯಾಕಣ್ಣಾ, ನಿದ್ದೆ ಬಂತಾ?" ಎಂದಳು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚಿಕ್ಕಮ್ಮನ ಗೂಡಿನ ಬಳಿ ಹೋಗಿ ನಿಂತೆ. ಅವಳು ಜೋಳದ ಟೀ ಕೊಟ್ಟಳು. ಕೊನೆಗೆ ಕೇಳಿಯೇಬಿಟ್ಟೆ: "ಹಾಗಾದ್ರೆ ಮಾರ್ಚಲ್ಲಿ ಅವನಿಗೆ ಹೇಗೆ ಗೊತ್ತಾಯ್ತು, ನಾನು ಯಾವಾಗ ನಿಲ್ತೀನಿ ಅಂತ?"

"ಅದಕ್ಕೆ ಕೈ ಯಾಕೋ ನೋಡ್ಬೇಕು? ನೀನು ಮೂರು ಸಲ ಹಿಂದೆ ಹೋಗ್ತೀಯ, ನಾಲ್ಕನೇದಕ್ಕೆ ಹೊಡೀತೀಯ. ಟಕ ಟಕ ಟಕ, ಧಡ್! ಎಂಟು ವರ್ಷದಿಂದ ಇಲ್ಲಿ ಕೂತು ಕೇಳ್ತಿದೀನಿ. ನನಗೇ ಗೊತ್ತು, ನಾನು ಒಂದ್ ದಿನ ಆ ಆಟ ಆಡಿದೋಳಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಊರಿಗೇ ಮೊದಲಿಗ ನೀನು. ನಿನಗೆ ನಾನೇನ್ ಹೇಳೋದು."

ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಬೆರಳುಗಳು ಜೇಬಿನೊಳಗೆ ಎಣಿಸುತ್ತಿದ್ದವು. ಮೂರು. ಪ್ರತಿ ಸಲವೂ ಮೂರೇ.

ಅಕ್ಟೋಬರ್ 11

ಫೋನ್ ಮಾಡೋಣವೆಂದು ಹತ್ತು ಸಲ ತೆಗೆದೆ, ಇಟ್ಟೆ. ಏನು ಹೇಳುವುದು? ಊಟ ಆಯ್ತಾ ಎನ್ನುವುದೇ?

ಅಕ್ಟೋಬರ್ 15, ಶನಿವಾರ

ನಿಲ್ದಾಣದ ಎದುರಿನ ಅಂಗಡಿಗೆ ಹೋದೆ. ಯೇರಾನ್ ಹೇಳಿದ್ದು ನಿಜ. ಸೋಕ್ ಬಲಬದಿಯಲ್ಲಿ ಕೂತಿದ್ದ. ಬೆನ್ನು ಕಂಡಿತು. ಕೂದಲು ಕತ್ತರಿಸಿಕೊಳ್ಳದೆ ತಿಂಗಳಾಗಿರಬೇಕು. ಬಲಬದಿಯ ಹಿಂಜಾರು ಅವನ ಕೈಯಲ್ಲಿ ನೋಡಲಾಗುತ್ತಿರಲಿಲ್ಲ. ಒಬ್ಬ ಹೈಸ್ಕೂಲಿನವನೂ ಅವನನ್ನು ಬಡಿಯುತ್ತಿದ್ದ.

ಹತ್ತಿರ ಹೋಗಿ ಹೆಗಲು ಮುಟ್ಟಬಹುದಿತ್ತು. ಧೈರ್ಯ ಸಾಲಲಿಲ್ಲ. ಸುತ್ತಿಕೊಂಡು ಆ ಕಡೆ ಹೋಗಿ, ಮುಂದಿನ ಆಟ ನನ್ನದೆನ್ನಲು ಎಲ್ಲರೂ ಇಡುವ ಹಾಗೆ ಮಷೀನಿನ ಅಂಚಿನ ಮೇಲೆ ನಾಣ್ಯ ಇಟ್ಟೆ. ಗೆದ್ದು ಗೆದ್ದು ಸಾಕಾಗಿ ಹುಡುಗ ಎದ್ದ. ಎಡಬದಿಯಲ್ಲಿ ನಾನು ಕೂತೆ. ಬೇಕೆಂದೇ ಸನ್ಯಾಸಿಯನ್ನು ಬಿಟ್ಟು ಯಾರೋ ದಾಂಡಿಗನನ್ನು ಆರಿಸಿದೆ.

ಆಟ ಶುರುವಾಯಿತು. ಗಾಬರಿಯಲ್ಲಿ ಕೈ ತನ್ನ ಹಳೆಯ ಚಾಳಿ ಆಡಿತು. ಹಿಂದೆ, ಹಿಂದೆ, ಹಿಂದೆ.

ಆ ಕಡೆಯ ಆಳು ಇದ್ದಲ್ಲೇ ನಿಂತುಬಿಟ್ಟ.

ನನಗೆ ಹೊಡೆಯಲಾಗಲಿಲ್ಲ. ನಾನೂ ನಿಲ್ಲಿಸಿದೆ. ಪರದೆಯ ಮೇಲೆ ಇಬ್ಬರು ಗಟ್ಟಿಮುಟ್ಟು ಗಂಡಸರು ಉಸಿರಾಡುತ್ತ ಮುಖಾಮುಖಿ ನಿಂತರು. ಅರವತ್ತು ಸೆಕೆಂಡು ಎಷ್ಟು ಉದ್ದವೆಂದು ಇವತ್ತು ಗೊತ್ತಾಯಿತು. ಸುತ್ತು ಮುಗಿಯಿತು, ಸಮ. ಮತ್ತೊಂದು ಸುತ್ತು, ಅದೂ ಸಮ. ಹಿಂದೆ ನಿಂತವನೊಬ್ಬ, "ಏನ್ರೀ, ಫೋಟೋಗೆ ನಿಂತಿದೀರಾ?" ಎಂದ. ಕೊನೆಗೆ ಮಷೀನು ಇಬ್ಬರಿಗೂ ಸೋತಿರಿ ಎಂದು ತೋರಿಸಿ, ಇಬ್ಬರ ನಾಣ್ಯವನ್ನೂ ನುಂಗಿತು.

ಸೋಕನ ಕೆಮ್ಮು ಕೇಳಿಸಿತು. ನಾನು ಎದ್ದು ಸುತ್ತಿಕೊಂಡು ಬರುವಷ್ಟರಲ್ಲಿ ಸ್ಟೂಲು ಖಾಲಿ.

ಅಕ್ಟೋಬರ್ 16, ಭಾನುವಾರ

ಮೂರು ಚೀಟಿಗಳನ್ನೂ ಮೊದಲಿದ್ದ ಕ್ರಮದಲ್ಲೇ ಜೋಡಿಸಿ ಕಂಬಕ್ಕೆ ಅಂಟಿಸಿದೆ. ಹಾಡುಮನೆಯದು ಕೈಯಲ್ಲೇ ಪುಡಿಯಾಗುತ್ತಿತ್ತು. ಚಿಕ್ಕಮ್ಮ ಟೇಪು ಕೊಟ್ಟಳು. ಮೇಲೆ ಕೋಳಿ ಮತ್ತೆ ನಗುತ್ತಿದೆ. ಯೇರಾನಳ ಕೈಯಲ್ಲಿ ಏಳು ಆಟ ಸೋತೆ.

ಅಕ್ಟೋಬರ್ 23, ಭಾನುವಾರ

ಮಾರ್ಚಿನದೇ ಸಭಾಂಗಣ, ಹೆಚ್ಚುಕಡಿಮೆ ಅದೇ ಜನ. ಅಮ್ಮ ಕಟ್ಟಿಕೊಟ್ಟ ಕಿಂಬಾಪ್ ಅನ್ನದ ಸುರುಳಿಯ ಡಬ್ಬಿ ತೆರೆಯಲಿಲ್ಲ. ಮೊದಲ ಸುತ್ತು ಬಲಬದಿ ಸಿಕ್ಕಿತು, ಗೆದ್ದೆ. ಎರಡನೆಯ ಸುತ್ತಿಗೆ ಹೆಸರು ಕೂಗಿದರು: ತಾಕ್ ಇನ್ಹೋ, ನಾಮ್‌ಗುಂಗ್ ಸೋಕ್.

ಸೋಕ್ ಬಂದು ನಿಂತ. ನನ್ನನ್ನು ನೋಡಲಿಲ್ಲ, ನನ್ನ ಚೀಲದಿಂದ ಇಣುಕುತ್ತಿದ್ದ ಟವೆಲನ್ನು ನೋಡಿದ. ತೀರ್ಪುಗಾರ, "ಕಲ್ಲು-ಕತ್ತರಿ-ಕಾಗದ" ಎಂದ. ನಾನು ಕೈ ಎತ್ತಲಿಲ್ಲ. ಜನರ ಕಡೆ ತಿರುಗಿದೆ. ಏನೇನೋ ಬಾಯಿಪಾಠ ಮಾಡಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಮಾರ್ಚಲ್ಲಿ ಇವನು ನನ್ನ ಕೈ ನೋಡಿದ ಅಂದೆ. ಸುಳ್ಳು ಅದು. ಎಂಟು ವರ್ಷ ನನ್ನ ಕೈ ಕಾಣೋ ಕನ್ನಡಿಗೆ ಕಾಗದ ಅಂಟಿಸ್ಕೊಂಡು ಆಡಿದೋನು ಇವನು. ನಾನು ಅದನ್ನ ಕಿತ್ತೆ, ಮೂರೇ ದಿನಕ್ಕೆ ನಾನೇ ಕದ್ದು ನೋಡಿದೆ. ಸೋಕ್, ತಪ್ಪಾಯ್ತು ಕಣೋ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಿಂದಿನಿಂದ ಯಾರೋ ಕನ್ನಡಿ ಎಂದರೇನು, ಎಲ್ಲಿಯ ಕನ್ನಡಿ ಎಂದು ಕೇಳುತ್ತಿದ್ದರು. ಯೇರಾನ್ ಮಾತ್ರ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದಳು, ನಾಳೆ ಅವಳಿಗೂ ಉತ್ತರ ಹೇಳಬೇಕು.

ಸೋಕ್ ಗಂಟಲು ಸರಿಮಾಡಿಕೊಂಡ. "ಭಾಷಣ ಮುಗೀತಾ? ಕೈ ಎತ್ತು."

ನನ್ನದು ಕತ್ತರಿ, ಅವನದು ಕಲ್ಲು. ಅವನು ಹೋಗಿ ಬಲಬದಿಯಲ್ಲಿ ಕೂತ. ನನ್ನ ಸೀಟು. ನಾನು ಎಡಬದಿಗೆ ಹೋದೆ. ಟವೆಲ್ ಚೀಲದಲ್ಲೇ ಉಳಿಯಿತು.

ಇಡೀ ದಿನದಲ್ಲಿ ಅಷ್ಟು ಕೆಟ್ಟ ಆಟ ಇನ್ನೊಂದಿರಲಿಲ್ಲ. ಇಬ್ಬರದೂ ಅಭ್ಯಾಸವಿಲ್ಲದ ಬದಿ. ಅವನು ಹಿಂದೆ ಜಾರಲು ಹೋಗಿ ಕುಕ್ಕರಿಸಿದ, ನಾನು ಮುಂದೆ ಓಡಿಬಿಟ್ಟೆ. ಊರಿನ ಇಬ್ಬರು ಹೆಸರಾಂತ ಆಟಗಾರರು ಸಂತೆಯಲ್ಲಿ ದಾರಿ ತಪ್ಪಿದ ಮುದುಕರ ಹಾಗೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದೆವು. ಜನ ನಗಲು ಶುರುಮಾಡಿದರು. ನನಗೂ ನಗು ಬಂತು. ಪಕ್ಕದಲ್ಲಿ ಸೋಕನ ಭುಜ ಅಲುಗಾಡುತ್ತಿತ್ತು, ನಗುತ್ತಿದ್ದನೋ ಏನೋ, ತಿರುಗಿ ನೋಡಲಿಲ್ಲ. ಪಕ್ಕದವನ ಕಡೆ ನೋಡಬಾರದು.

ಎರಡಕ್ಕೆ ಎರಡು ಸಮವಾಯಿತು. ಕೊನೆಯ ಆಟದಲ್ಲಿ ಎಡಬದಿಯಿಂದ ಹಿಂಜಾರು ಬಂತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೂ ಹಿಂದೆ ಹೋದೆ. ಬದುಕಿನಲ್ಲೇ ಮೊದಲ ಸಲ ನಾಲ್ಕು. ಸೋಕ್ ಆ ನಾಲ್ಕನೆಯದಕ್ಕೇ ಕಾದು ಕೂತಿದ್ದ. ಒಂದೇ ಒದೆತಕ್ಕೆ ಮುಗಿಯಿತು.

ಸೋತೆ. ಬಸ್ಸಿನಲ್ಲಿ ನಿದ್ದೆ ಬಂದು ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಅಕ್ಟೋಬರ್ 29, ಶನಿವಾರ

ಸೋಕ್ ಮುಂದಿನ ಸುತ್ತಿನಲ್ಲೇ ಯಾರಿಗೋ ಸೋತನಂತೆ. ಯೇರಾನ್ ಹೇಳಿದಳು. ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು, ಆ ಐದು ಆಟಕ್ಕೆ ಐದು ಊಟ ಕೊಡಿಸಬೇಕೆಂದು ತೀರ್ಪು ಕೊಟ್ಟು ಈಗ ರಾಜಿಯಾಗಿದ್ದಾಳೆ.

ಸಂಜೆ ನನ್ನ ಹಳೆಯ ಸೀಟಿನಲ್ಲಿ, ಗೋಡೆಯ ಕಡೆ, ಒಬ್ಬನೇ ಮಷೀನಿನ ವಿರುದ್ಧ ಆಡುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಚಿಕ್ಕಮ್ಮ, "ಬಂದ್ಯೇನಪ್ಪಾ! ಎಷ್ಟು ಸೊರಗಿದೀಯ, ಊಟ ಆಯ್ತಾ?" ಎಂದಳು. ಚಿಲ್ಲರೆ ಸುರಿದ ಸದ್ದು. ಆ ಕಡೆ ಗಿಡ್ಡ ಕಾಲಿನ ಸ್ಟೂಲು ಟಕ್ಕೆಂದಿತು. ನಾಣ್ಯ ಹಾಕಿದ ಸದ್ದು ಬರಲೇ ಇಲ್ಲ.

ಕೆಮ್ಮು.

"ಸೊಟ್ಟಗೆ ಅಂಟಿಸಿದೀಯಲ್ಲೋ."

"ನಿನಗೆ ಬೇಕಾದ್ರೆ ನೆಟ್ಟಗೆ ಮಾಡ್ಕೋ" ಎಂದೆ.

ಟೇಪು ಬಿಡಿಸಿದ ಸದ್ದು. ಅಂಗೈಯಿಂದ ಕಾಗದವನ್ನು ಕಂಬಕ್ಕೆ ಒತ್ತಿ ಒತ್ತಿ ಸವರಿದ ಸದ್ದು, ಬಹಳ ಹೊತ್ತು. ಆಮೇಲೆ ಅವನು ನಾಣ್ಯ ಹಾಕಿದ.